ಬೇಜಾರು ಅಂದರೆ ಯಾವ ಬೇಜಾರು? ಹೊಸದಾಗಿ ಆಪ್ತಸಮಾಲೋಚನೆಗೆ ಕೂರುವವರಿಗೆ

ಓದಿದ್ದು ಇಂಗ್ಲಿಷಿನಲ್ಲಿ, ಕೇಳಿಸಿಕೊಳ್ಳಬೇಕಾದ್ದು ಕನ್ನಡದಲ್ಲಿ. ಎಂಎಸ್‌ಡಬ್ಲ್ಯುನೋ ಸೈಕಾಲಜಿನೋ ಮುಗಿಸಿ ಮೊದಲ ಸಲ ಕೌನ್ಸೆಲರ್ ಕುರ್ಚಿಯಲ್ಲಿ ಕೂರುವವರ ಮೊದಲ ಕಷ್ಟ ಇದೇ. ಎಂಪಥಿ (ಅವರ ಜಾಗದಲ್ಲಿ ನಿಂತು ನೋಡುವುದು), ಪ್ಯಾರಾಫ್ರೇಸಿಂಗ್ (ಅವರ ಮಾತನ್ನು ನಮ್ಮ ಮಾತಲ್ಲಿ ತಿರುಗಿ ಹೇಳುವುದು), ಓಪನ್ ಎಂಡೆಡ್ ಪ್ರಶ್ನೆ (ಹೌದು-ಇಲ್ಲದಲ್ಲಿ ಮುಗಿಯದ ಪ್ರಶ್ನೆ) ಎಲ್ಲ ಬಾಯಿಪಾಠ ಆಗಿರುತ್ತದೆ. ಆದರೆ ಎದುರಿಗಿರುವ ಹೆಂಗಸು "ಯಾಕೋ ಮನ್ಸಿಗೆ ಸಮಾಧಾನನೇ ಇಲ್ಲ ಮೇಡಂ" ಅಂದಾಗ ಅದಕ್ಕೆ ಏನು ಹೇಳಬೇಕು ಅಂತ ಹೊಳೆಯದೆ, ಕೊನೆಗೆ ಮನೆಯಲ್ಲಿ ದೊಡ್ಡವರು ಹೇಳುತ್ತಿದ್ದ ಮಾತೇ ಬಾಯಿಗೆ ಬರುತ್ತದೆ: "ಎಲ್ಲಾ ಸರಿಹೋಗುತ್ತೆ ಬಿಡಿ, ಧೈರ್ಯವಾಗಿರಿ."

ನನಗೂ ಅದೇ ಬಂದಿತ್ತು. ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ಅದನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಬಂದವರು ತಲೆ ಅಲ್ಲಾಡಿಸಿ ಎದ್ದು ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ.

ಇನ್ನೊಂದು ತೊಂದರೆ ನಮ್ಮ ಬೋರ್ಡಿನಲ್ಲೇ ಇದೆ. ಎಷ್ಟೋ ಕಡೆ ಇವತ್ತಿಗೂ 'ಆಪ್ತ ಸಲಹಾ ಕೇಂದ್ರ' ಅಂತ ಬರೆದಿರುತ್ತಾರೆ. ಸಲಹೆ ಅಂತ ಬರೆದ ಮೇಲೆ ಬಂದವರು ಸಲಹೆ ಕೇಳುತ್ತಾರೆ, ಕೂತವರು ಸಲಹೆ ಕೊಡುತ್ತಾರೆ. ಆ ಹೆಂಗಸಿಗೆ ಸಲಹೆಗೇನು ಬರವೇ? ಅತ್ತೆ, ಓರಗಿತ್ತಿ, ಪಕ್ಕದ ಮನೆಯವರು, ಜ್ಯೋತಿಷಿ, ಯೂಟ್ಯೂಬು, ಎಲ್ಲರೂ ಕೊಟ್ಟಾಗಿದೆ. ಅಷ್ಟು ಜನರಲ್ಲಿ ಯಾರೂ ಪೂರ್ತಿ ಕೇಳಿಸಿಕೊಂಡಿಲ್ಲ, ಅಷ್ಟೇ. ಅದಕ್ಕೆ ಈ ಬರಹದಲ್ಲಿ ಹೆಚ್ಚು ಜಾಗ ಕೇಳಿಸಿಕೊಳ್ಳುವುದಕ್ಕೇ ಹೋಗುತ್ತದೆ.

ಮೊದಲು ಕೂರಿಸಿ

ಪಾಠದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಜೆರಾರ್ಡ್ ಈಗನ್ ಹೇಳಿದ ಸೋಲರ್ (SOLER) ಸೂತ್ರ ಇರುತ್ತದೆ: ಎದುರಿಗೆ ಕೂರಿ, ಕೈಕಟ್ಟಬೇಡಿ, ಸ್ವಲ್ಪ ಮುಂದೆ ಬಾಗಿ, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಸಡಿಲವಾಗಿರಿ. ಒಳ್ಳೆಯದೇ, ಆದರೆ ಹಾಗೇ ತಂದು ಇಲ್ಲಿ ಸುರಿಯಬೇಡಿ. ಇಪ್ಪತ್ತೈದರ ಹುಡುಗ ಹಳ್ಳಿಯ ಹೆಣ್ಣುಮಗಳನ್ನು ನೇರ ಕಣ್ಣಿಟ್ಟು ನೋಡುತ್ತಾ ಕೂತರೆ ಆಕೆ ಸೆರಗು ಸರಿಮಾಡಿಕೊಳ್ಳುತ್ತಾ ಕೂರುತ್ತಾಳೆಯೇ ಹೊರತು ಮಾತಾಡುವುದಿಲ್ಲ. ಕುರ್ಚಿಯನ್ನು ಒಂಚೂರು ಓರೆ ಹಾಕಿ. ಅವರು ನೋಡಿದಾಗ ನೋಡಿ, ಅವರು ನೆಲ ನೋಡಿದಾಗ ನೀವೂ ಬಿಡಿ.

ಮಧ್ಯದಲ್ಲಿ ಮೇಜು ಬೇಡ. ಮೇಜಿದ್ದರೆ ಅದು ಆಫೀಸು, ನೀವು ಸಾಹೇಬರು. ವಯಸ್ಸಾದ ರೈತರು ಕುರ್ಚಿ ತೋರಿಸಿದರೂ ನಿಂತೇ ಇರುತ್ತಾರೆ, ಸರ್ಕಾರಿ ಕೋಣೆಯಲ್ಲಿ ನಿಂತೇ ಮಾತಾಡಿ ಅಭ್ಯಾಸ. ಆಗ ನೀವೂ ಎದ್ದು ನಿಂತು, "ಬನ್ನಿ, ಇಬ್ರೂ ಕೂತ್ಕೊಳ್ಳೋಣ" ಅನ್ನಿ. ಬೇರೆ ಕೋಣೆ ಕೊಡದ ಕಡೆ ಇದ್ದೀರಾ? ನನಗೂ ಎರಡು ವರ್ಷ ಇದ್ದದ್ದು ಹಳೇ ಕಡತ ತುಂಬಿದ ಕೋಣೆ ಮತ್ತು ಒಂದು ಪರದೆ. ಪರದೆಯ ಆಚೆ ಬಿಪಿ ನೋಡುವ ಸಾಲು. ಆಗ ಫ್ಯಾನು ಜೋರಾಗಿ ಹಾಕಿಕೊಂಡು ಮೆಲ್ಲಗೆ ಮಾತಾಡುವುದೊಂದೇ ದಾರಿ.

ಏನಂತ ಕರೆಯಬೇಕು? ಹದಿನಾರರ ಹುಡುಗನಿಗೂ 'ನೀವು' ಅಂತಲೇ ಶುರುಮಾಡಿ, ಅವನೇ "ನೀನು ಅನ್ನಿ ಮೇಡಂ" ಅಂದರೆ ನೋಡೋಣ. ಅಕ್ಕ, ಅಮ್ಮ, ಅಣ್ಣ ಅನ್ನುವುದು ನಮಗೆ ಸಹಜ, ಅದರಿಂದ ಬಿಗಿ ಬೇಗ ಸಡಿಲವಾಗುತ್ತದೆ. ಆದರೆ ಅದಕ್ಕೂ ಒಂದು ಬೆಲೆ ಇದೆ. ಒಬ್ಬಾಕೆಯನ್ನು ನಾನು ಮೊದಲ ದಿನದಿಂದ ಅಕ್ಕಾ ಅಕ್ಕಾ ಅಂತಿದ್ದೆ, ಆಕೆ ನನ್ನನ್ನು ತಂಗಿ ಅನ್ನುತ್ತಿದ್ದರು, ಮೂರು ಸಲ ಬಂದು ತಲೆನೋವಿನ ಮಾತೇ ಆಡಿ ಹೋದರು. ನಾಲ್ಕನೇ ಸಲ ನರ್ಸ್ ಹತ್ತಿರ ಹೇಳಿದರಂತೆ: "ತಂಗಿ ಅಂದ್ಮೇಲೆ ಗಂಡನ ರಾತ್ರಿ ಸಮಾಚಾರ ಹೆಂಗೆ ಹೇಳ್ಲವ್ವಾ?" ನೆಂಟಸ್ತಿಕೆಯ ಜೊತೆ ನೆಂಟಸ್ತಿಕೆಯ ನಾಚಿಕೆಯೂ ಬರುತ್ತದೆ. ಈಗ ನಾನು ಮೊದಲೇ ಕೇಳಿಬಿಡುತ್ತೇನೆ, "ನಿಮ್ಮನ್ನ ಏನಂತ ಕರೀಲಿ?"

ಗುಟ್ಟಿನ ಮಾತು ಮೊದಲ ಐದು ನಿಮಿಷದಲ್ಲೇ

ಗೌಪ್ಯತೆ ಅನ್ನುವ ಪದ ಫಾರಂನಲ್ಲಿರಲಿ. ಬಾಯಲ್ಲಿ ಹೀಗೆ ಹೇಳಿ: "ನೀವು ಇಲ್ಲಿ ಹೇಳಿದ್ದು ನನ್ನಿಂದ ನಿಮ್ಮ ಮನೆಯವರಿಗೆ ಹೋಗಲ್ಲ. ಆದ್ರೆ ನಿಮ್ಮ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಇದೆ ಅನ್ನಿಸಿದ್ರೆ, ಇಲ್ಲಾ ಮಕ್ಕಳಿಗೆ ಯಾರಾದ್ರೂ ಕೆಟ್ಟದ್ದು ಮಾಡ್ತಿದ್ದಾರೆ ಅಂತ ಗೊತ್ತಾದ್ರೆ, ನಾನು ಸುಮ್ನಿರೋಕಾಗಲ್ಲ. ಹಾಗೆ ಮಾಡೋ ಮುಂಚೆ ನಿಮಗೆ ಹೇಳ್ತೀನಿ."

ಇದು ಬರೀ ಸೌಜನ್ಯವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆ ಇರುವವರ ವಿಷಯ ಗುಟ್ಟಾಗಿರುವುದು ಅವರ ಹಕ್ಕು. ಇನ್ನೊಂದು ಕಡೆ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಇದೆ: ಹದಿನೆಂಟು ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ಮಗು ಅಳುತ್ತಾ "ಯಾರಿಗೂ ಹೇಳ್ಬೇಡಿ, ಪ್ರಾಮಿಸ್ ಮಾಡಿ" ಅಂದಾಗ ಪ್ರಾಮಿಸ್ ಮಾಡಿಬಿಟ್ಟು ಆಮೇಲೆ ಮುರಿಯುವುದಕ್ಕಿಂತ, ಮಾತು ಶುರುವಾಗುವ ಮೊದಲೇ ಹೇಳಿರುವುದು ಎಷ್ಟೋ ವಾಸಿ.

ಮತ್ತೆ ಜೊತೆಗೆ ಬಂದವರ ವಿಷಯ. ನಮ್ಮಲ್ಲಿ ಯಾರೂ ಒಬ್ಬರೇ ಬರುವುದಿಲ್ಲ. ಸೊಸೆಯ ಜೊತೆ ಅತ್ತೆ ಬಂದು ಪಕ್ಕದಲ್ಲೇ ಕೂತು, ನೀವು ಸೊಸೆಯನ್ನು ಕೇಳಿದ್ದಕ್ಕೆಲ್ಲ ತಾವೇ ಉತ್ತರ ಕೊಡುತ್ತಾರೆ. ಅವರನ್ನು ಹೊರಗೆ ಕಳಿಸಿದರೆ ಮನೆಗೆ ಹೋದ ಮೇಲೆ ಸೊಸೆಗೇ ಕಷ್ಟ. ಅದಕ್ಕೆ ಮೊದಲು ಹತ್ತು ನಿಮಿಷ ಅತ್ತೆಯ ಮಾತನ್ನೇ ಕೇಳಿ, ನಿಜವಾಗಿ ಕೇಳಿ, ಆಮೇಲೆ "ಇಲ್ಲಿಯ ಪದ್ಧತಿ ಹಂಗೇ ಅಮ್ಮಾ, ಎಲ್ಲರ ಹತ್ರಾನೂ ಸ್ವಲ್ಪ ಹೊತ್ತು ಒಬ್ಬೊಬ್ಬರನ್ನೇ ಮಾತಾಡಿಸ್ತೀವಿ" ಅನ್ನಿ. ಪದ್ಧತಿ ಅಂದರೆ ಯಾರಿಗೂ ಬೇಸರವಿಲ್ಲ.

ಬೇಜಾರಿನ ಒಳಗೆ ಏನಿದೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಕನ್ನಡದ 'ಬೇಜಾರು' ಒಂದು ದೊಡ್ಡ ಚೀಲ ಇದ್ದ ಹಾಗೆ. ಹೊತ್ತು ಹೋಗದಿದ್ದರೂ ಬೇಜಾರು, ಗಂಡ ಬೈದರೂ ಬೇಜಾರು, ತಾಯಿ ಸತ್ತರೂ ಬೇಜಾರು, ಗೆಳತಿ ಮದುವೆಗೆ ಕರೆಯದಿದ್ದರೂ ಬೇಜಾರು, ಬದುಕೇ ಸಾಕು ಅನ್ನಿಸಿದರೂ ಬೇಜಾರು. ಹೊಸಬರು ಬೇಜಾರು ಅಂದ ತಕ್ಷಣ ಫೈಲಿನಲ್ಲಿ 'ಡಿಪ್ರೆಶನ್?' ಅಂತ ಬರೆದುಬಿಡುತ್ತಾರೆ. ಬರೆಯುವ ಮೊದಲು ಚೀಲ ಬಿಚ್ಚಿ ನೋಡಬೇಕು, ಅಲ್ವಾ?

ಇನ್ನೂ ಎಷ್ಟೋ ಜನ ಮನಸ್ಸು ಅನ್ನುವ ಮಾತನ್ನೇ ಎತ್ತುವುದಿಲ್ಲ. ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ತಲೆ ಗಿಂ ಅನ್ನುತ್ತೆ, ಕೈಕಾಲು ಸೋತು ಬರುತ್ತೆ, ನಿದ್ದೆ ಹತ್ತಲ್ಲ. ಇವೆಲ್ಲ ನೆಪ ಅಂದುಕೊಳ್ಳಬೇಡಿ, ಅವರಿಗೆ ನಿಜವಾಗಿ ಹಾಗೇ ಆಗುತ್ತಿರುತ್ತದೆ. ಡಾಕ್ಟರು ನೋಡಿ, ರಕ್ತ ಪರೀಕ್ಷೆ ಆಗಿರಲಿ. ರಕ್ತಹೀನತೆ, ಥೈರಾಯ್ಡ್ ಎರಡೂ ಸುಸ್ತನ್ನೂ ಬೇಸರವನ್ನೂ ತರುತ್ತವೆ. ಅದರ ಜೊತೆಗೇ ಎದೆ ಭಾರದ ಮಾತನ್ನು ಹಿಡಿದು ಮುಂದೆ ಹೋಗಿ. ಒಂದು ಮಾತುಕತೆ ಹೀಗೆ ನಡೆಯಿತು, ಗುರುತು ಸಿಗದ ಹಾಗೆ ಬದಲಿಸಿದ್ದೇನೆ:

"ಎದೆ ಮ್ಯಾಲೆ ಕಲ್ಲು ಇಟ್ಟಂಗೆ ಆಗ್ತದೆ."
"ಕಲ್ಲು ಇಟ್ಟಂಗೆ."
"ಹೂಂ. ಸಂಜೆ ಆದ್ರೆ ಸಾಕು."
"ಸಂಜೆ ಆದ್ರೆ..."
"ಅವನು ಬರೋ ಹೊತ್ತು."
"ಅವರು ಬರೋ ಹೊತ್ತಾದ್ರೆ ಎದೆ ಬಿಗಿಯಾಗುತ್ತೆ. ಇವತ್ತು ಹೆಂಗೆ ಬರ್ತಾರೋ ಅಂತ ಹೆದರಿಕೆನಾ?"
"ಹೆದರಿಕೆ ಅಲ್ಲ." ತುಂಬಾ ಹೊತ್ತು ಸುಮ್ಮನಿದ್ದು, "ನಾಚಿಕೆ. ಬೀದೀಲಿ ಬಿದ್ದಿರ್ತಾನೆ, ಮಗಳು ಹೋಗಿ ಎಬ್ಬಿಸ್ಕೊಂಡು ಬರ್ತಾಳೆ."

ನಾನು ಹೆದರಿಕೆ ಅಂದೆ, ಅದು ತಪ್ಪು. ಆದರೆ ತಪ್ಪಾಗಿದ್ದರಿಂದ ಏನೂ ಕೆಡಲಿಲ್ಲ, ಪ್ರಶ್ನೆಯ ಹಾಗೆ ಇಟ್ಟಿದ್ದರಿಂದ ಆಕೆಯೇ ತಿದ್ದಿದರು. ಮೊದಲ ಎರಡು ಸಲ ನಾನು ಹೊಸದಾಗಿ ಏನೂ ಹೇಳಿಲ್ಲ ನೋಡಿ, ಅವರ ಮಾತಿನ ಕೊನೆಯ ತುಂಡನ್ನೇ ವಾಪಸ್ ಕೊಟ್ಟಿದ್ದೇನೆ, ಅದೂ ಅವರದೇ ಪದದಲ್ಲಿ. 'ಕಲ್ಲು ಇಟ್ಟಂಗೆ' ಅಂದದ್ದನ್ನು ನೀವು 'ಒತ್ತಡ' ಅಂತ ಬದಲಿಸಿದರೆ ಕಲ್ಲು ಹೋಯಿತು, ಅದರ ಜೊತೆ ಸಂಜೆಯೂ ಹೋಯಿತು.

ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಒಂದು ಲೇಖನದಲ್ಲಿ ಇದಕ್ಕೆ ಬೇಕಾದದ್ದನ್ನು ಹೇಳಿದ್ದಾರೆ: ಅವರ ಜಾಗದಲ್ಲಿ ನಿಂತು ನೋಡುವುದು, ಅವರು ಇದ್ದ ಹಾಗೇ ಒಪ್ಪುವುದು, ನೀವು ನಾಟಕ ಆಡದಿರುವುದು. ಕನ್ನಡದಲ್ಲಿ ಮೊದಲನೆಯದನ್ನು 'ಅಯ್ಯೋ ಪಾಪ'ದ ಜೊತೆ ಕಲಸಿಬಿಡುತ್ತೇವೆ. ಅಯ್ಯೋ ಪಾಪ ಅಂದಾಗ ನಾನು ದಡದ ಮೇಲೆ ನಿಂತಿರುತ್ತೇನೆ. "ಮಗಳು ಹೋಗಿ ಎಬ್ಬಿಸೋದನ್ನ ನೋಡೋದು ನಿಮಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತೆ" ಅಂದಾಗ ಒಂದು ಕಾಲನ್ನಾದರೂ ನೀರಿಗೆ ಇಟ್ಟ ಹಾಗೆ.

ಪ್ರಶ್ನೆಗಳಲ್ಲಿ 'ಯಾಕೆ'ಯನ್ನು ಒಂದು ತಿಂಗಳು ಬಿಟ್ಟುಬಿಡಿ. "ಯಾಕೆ ಹಾಗೆ ಮಾಡಿದ್ರಿ?" ಅನ್ನುವುದು ನಮ್ಮ ಕಿವಿಗೆ ಮೇಷ್ಟ್ರ ಪ್ರಶ್ನೆ, ಕೈಚಾಚು ಅನ್ನುವುದೊಂದು ಬಾಕಿ. "ಆಗ ಏನಾಯ್ತು?", "ಆವಾಗ ನಿಮ್ಮ ಮನಸ್ಸಲ್ಲಿ ಏನು ಓಡ್ತಿತ್ತು?" ಅಂದರೆ ಅದೇ ಉತ್ತರ ಬರುತ್ತದೆ, ಸಮಜಾಯಿಷಿ ಇಲ್ಲದೆ. ಹೂಂ, ಆಮೇಲೆ, ಹೇಳಿ, ಇಷ್ಟೇ ಸಾಕು ಎಷ್ಟೋ ಸಲ. ಆದರೆ ಪ್ರತಿ ಮಾತಿಗೂ ಹೂಂ ಹೂಂ ಅಂತ ಫೋನಿನಲ್ಲಿ ಮಾತಾಡುವವರ ಹಾಗೆ ಹೂಂಗುಟ್ಟಬೇಡಿ.

ಮೌನ ಬಂದರೆ ತಡೆದುಕೊಳ್ಳಿ. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾಗಿದ್ದು. ಮನಸ್ಸಲ್ಲೇ ಒಂದರಿಂದ ಇಪ್ಪತ್ತು ಎಣಿಸುತ್ತಿದ್ದೆ. ಹದಿನೈದು ದಾಟುವಷ್ಟರಲ್ಲಿ ಹೆಚ್ಚಾಗಿ ಅವರೇ ಮಾತಾಡುತ್ತಿದ್ದರು, ಮತ್ತು ಆಮೇಲೆ ಬಂದ ಮಾತೇ ತೂಕದ ಮಾತಾಗಿರುತ್ತಿತ್ತು. ಅತ್ತರೆ ನೀರಿನ ಲೋಟ ಪಕ್ಕದಲ್ಲಿಡಿ, ಕೈಗೆ ತುರುಕಬೇಡಿ. "ಅಳ್ಬೇಡಿ" ಅಂತೂ ಅನ್ನಲೇಬೇಡಿ, ಅಳುವುದಕ್ಕೆ ಆಕೆಗೆ ಮನೆಯಲ್ಲಿ ಜಾಗ ಇಲ್ಲದೇ ಇಲ್ಲಿಗೆ ಬಂದಿರಬಹುದು.

"ನೀವೇ ಹೇಳಿ ಮೇಡಂ, ಏನ್ ಮಾಡ್ಲಿ?"

ಈ ಪ್ರಶ್ನೆ ಬಂದೇ ಬರುತ್ತದೆ. "ನಾವು ಸಲಹೆ ಕೊಡುವುದಿಲ್ಲ" ಅಂತ ಪುಸ್ತಕದ ಮಾತು ಒಪ್ಪಿಸಿದರೆ, ಮೂವತ್ತು ಕಿಲೋಮೀಟರ್ ಬಸ್ಸಿನಲ್ಲಿ ಬಂದವರಿಗೆ ಕೋಪ ಬರುವುದು ನ್ಯಾಯವೇ. ಮಾಹಿತಿ ಬೇರೆ, ಸಲಹೆ ಬೇರೆ. ಹೊಡೆತ ತಿನ್ನುವ ಹೆಂಗಸಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ಸಂರಕ್ಷಣಾಧಿಕಾರಿ ಅಂತ ಒಬ್ಬರಿರುತ್ತಾರೆ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದು, ಗಂಡನ ಮನೆಯಲ್ಲೇ ಇರುವ ಹಕ್ಕನ್ನೂ ಕೋರ್ಟಿನಲ್ಲಿ ಕೇಳಬಹುದು. ಇದು ಮಾಹಿತಿ, ಧಾರಾಳವಾಗಿ ಕೊಡಿ. "ಅವನನ್ನ ಬಿಟ್ಬಿಡಿ" ಅನ್ನುವುದು ಸಲಹೆ. ಬಿಟ್ಟ ಮೇಲೆ ರಾತ್ರಿ ಎಲ್ಲಿ ಮಲಗುತ್ತಾಳೆ, ಮಕ್ಕಳ ಶಾಲೆ ಏನು, ತವರಲ್ಲಿ ಅಣ್ಣನ ಹೆಂಡತಿ ಏನಂತಾಳೆ, ಇದರಲ್ಲಿ ಒಂದೂ ನಿಮ್ಮ ಮೇಲೆ ಬೀಳುವುದಿಲ್ಲ.

ಹಾಗಾದರೆ ಏನು ಹೇಳುವುದು? ನಾನು ಹೀಗೆ ಕೇಳುತ್ತೇನೆ: "ಇಷ್ಟು ದಿನ ಹೆಂಗೆ ತಡ್ಕೊಂಡ್ರಿ? ಯಾವುದು ಸ್ವಲ್ಪ ಆದ್ರೂ ಕೆಲಸಕ್ಕೆ ಬಂತು?" ಮೇಲೆ ಹೇಳಿದ ಆ ತಾಯಿ ಯೋಚಿಸಿ, ಸಂಜೆ ಮಗಳನ್ನು ಟ್ಯೂಷನ್ ನೆಪದಲ್ಲಿ ತನ್ನ ತಂಗಿಯ ಮನೆಗೆ ಕಳಿಸಬಹುದು ಅಂದರು. ನನಗಂತೂ ಅದು ಹೊಳೆಯುತ್ತಿರಲಿಲ್ಲ, ಆ ಬೀದಿಯಲ್ಲೇ ತಂಗಿಯ ಮನೆ ಇದೆ ಅಂತ ನನಗೇನು ಗೊತ್ತು!

ದೇವಸ್ಥಾನ, ಹರಕೆ, ದೈವದ ಪ್ರಶ್ನೆ ಕೇಳಿಸುವುದು, ಗಾಳಿ ಸೋಕಿದೆ ಅನ್ನುವುದು, ಇವಕ್ಕೆ ನಗಬೇಡಿ. "ಅಲ್ಲಿ ಹೋಗಿ ಬಂದ್ಮೇಲೆ ಹೆಂಗನ್ನಿಸ್ತು?" ಅಂತ ಕೇಳಿ. ಹರಕೆಯೂ ನಡೆಯಲಿ, ಮಾತ್ರೆಯೂ ನಡೆಯಲಿ. ಹೊಡೆಯುವುದು, ಸರಪಳಿ ಹಾಕುವುದು, ಮಾತ್ರೆ ನಿಲ್ಲಿಸುವುದು ಬಂತೋ, ಅಲ್ಲಿ ಮಾತ್ರ ಗಟ್ಟಿಯಾಗಿ ಬೇಡ ಅನ್ನಿ.

ಸಾಯುವ ಮಾತು

ಪಿಎಚ್‌ಕ್ಯೂ-9 ಅನ್ನುವ, ಡಿಪ್ರೆಶನ್ ಎಷ್ಟಿದೆ ಅಂತ ನೋಡುವ ಒಂಬತ್ತು ಪ್ರಶ್ನೆಗಳ ಫಾರಂ ಸಿಕ್ಕಿರಬಹುದು, ಹಿಂದಿನ ಎರಡು ವಾರ ಹೇಗಿತ್ತು ಅಂತ ಕೇಳುವುದು. ಒಂಬತ್ತನೆಯದು ಸಾವಿನ ಯೋಚನೆಯದ್ದು. ಹೊಸಬರು ಎಂಟನ್ನು ಕೇಳಿ ಒಂಬತ್ತನೆಯದಕ್ಕೆ ತಾವೇ 'ಇಲ್ಲ' ಅಂತ ಗುರುತು ಹಾಕುವುದನ್ನು ಕಣ್ಣಾರೆ ನೋಡಿದ್ದೇನೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವ ಭಯ. ಹೊಕ್ಕುವುದಿಲ್ಲ. ಆ ಯೋಚನೆ ಇದ್ದವರಿಗೆ ಯಾರೋ ಕೊನೆಗೂ ಕೇಳಿದರಲ್ಲ ಅಂತ ಉಸಿರು ಬಿಟ್ಟ ಹಾಗಾಗುತ್ತದೆ.

ನೇರವಾಗಿ ಕೇಳಿ: "ಇಷ್ಟೆಲ್ಲ ಕಷ್ಟ ಇರೋವಾಗ ಸತ್ತು ಹೋಗ್ಬೇಕು ಅಂತ ಅನ್ನಿಸಿದ್ದುಂಟಾ?" 'ಏನಾದ್ರೂ ಮಾಡ್ಕೋಬೇಕು ಅಂತ' ಅನ್ನುವ ಸುತ್ತುಮಾತು ಬೇಡ. ಹೌದು ಅಂದರೆ ಮುಖ ಬಿಳಿಚಿಕೊಳ್ಳದೆ ಒಂದೊಂದೇ ಕೇಳಿ. ಯಾವಾಗಿನಿಂದ? ಹೇಗೆ ಅಂತ ಯೋಚನೆ ಮಾಡಿದ್ದೀರಾ? ಅದಕ್ಕೆ ಬೇಕಾದ್ದು ಮನೆಯಲ್ಲಿ ಇದೆಯಾ? ಹಿಂದೆ ಯಾವತ್ತಾದರೂ ಪ್ರಯತ್ನ ಮಾಡಿದ್ರಾ? ಇವತ್ತು ಮನೆಗೆ ಹೋದರೆ ಜೊತೆಗೆ ಯಾರಿರ್ತಾರೆ? ರೈತರ ಮನೆಯಾದರೆ ಬೆಳೆಗೆ ಹೊಡೆಯುವ ಔಷಧಿ ಎಲ್ಲಿಟ್ಟಿದ್ದಾರೆ ಅಂತ ಕೇಳಲೇಬೇಕು, ಮತ್ತು ಅವತ್ತೇ ಮನೆಯವರೊಬ್ಬರನ್ನು ಕರೆಸಿ, ಅದನ್ನು ಮನೆಯಿಂದ ಹೊರಗೆ, ಬೀಗದೊಳಗೆ, ಬೀಗದ ಕೈ ಬೇರೆಯವರ ಹತ್ತಿರ ಇರುವ ಹಾಗೆ ಮಾಡಿಸಬೇಕು. ಆ ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ, ಕೈಗೆ ಸಿಗದಿದ್ದರೆ ಆ ಗಳಿಗೆ ದಾಟುವುದು ಸುಲಭ.

ಯೋಜನೆ ಇದೆ, ವಸ್ತು ಇದೆ ಅಂದರೆ ಅವರನ್ನು ಒಬ್ಬರನ್ನೇ ಬಿಟ್ಟು ಟೀ ಕುಡಿಯಲೂ ಹೋಗಬೇಡಿ. ಡಾಕ್ಟರನ್ನು ಕರೆಸಿ. ತುರ್ತಾದರೆ 112. ರಾತ್ರಿ ಹೊತ್ತಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅನ್ನು ಚೀಟಿಯಲ್ಲಿ ಬರೆದು ಕೊಟ್ಟರೆ ಸಾಲದು, ಅವರ ಫೋನಿನಲ್ಲಿ ಸೇವ್ ಮಾಡಿಸಿ, ಸಾಧ್ಯವಾದರೆ ಒಂದು ಸಲ ನಿಮ್ಮೆದುರಿಗೇ ಫೋನ್ ಮಾಡಿಸಿ. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಉಚಿತ ಸೇವೆ, ಇಪ್ಪತ್ನಾಲ್ಕು ಗಂಟೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಿಂದೆ ಪ್ರಯತ್ನ ಮಾಡಿದವರಿಗೆ ಪೊಲೀಸ್ ಕೇಸಿನ ಭಯ ಇರುತ್ತದೆ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷೆ ಮಾಡುವ ಹಾಗಿಲ್ಲ, ಅದನ್ನೂ ಹೇಳಿ.

ನಿಮ್ಮ ಕೈಯಲ್ಲಾಗದ್ದು

ಯಾರೋ ಕಿವಿಯಲ್ಲಿ ಮಾತಾಡುತ್ತಾರೆ ಅನ್ನುವವರು, ದಿನಗಟ್ಟಲೆ ಊಟ ನಿದ್ದೆ ಬಿಟ್ಟವರು, ಹೆರಿಗೆಯಾದ ಮೇಲೆ ಮಗುವನ್ನು ಮುಟ್ಟಲೂ ಒಲ್ಲದವರು, ಇವರನ್ನು ಮಾತಿನಿಂದಲೇ ಸರಿಮಾಡುತ್ತೇನೆ ಅಂತ ಹೊರಡಬೇಡಿ, ಬೇಗ ಮನೋವೈದ್ಯರ ಹತ್ತಿರ ಕಳಿಸಿ. ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ನಡೆಯುತ್ತದೆ. ಕುಡಿತದ್ದು ಒಂದು ಬಿಡಿಸಿ ಹೇಳುತ್ತೇನೆ: ದಿನಾ ಜಾಸ್ತಿ ಕುಡಿಯುವವರಿಗೆ "ಇವತ್ತೇ ಬಿಟ್ಬಿಡಿ" ಅನ್ನಬೇಡಿ. ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಿ ಜೀವಕ್ಕೇ ಬರಬಹುದು. ಡಾಕ್ಟರ ಕೈಯಲ್ಲಿ ಬಿಡಿಸಬೇಕು.

ಕಳಿಸುವಾಗ "ನನ್ನ ಕೈಲಾಗಲ್ಲ" ಅಂದರೆ ಕೈಬಿಟ್ಟ ಹಾಗೆ ಕೇಳುತ್ತದೆ. "ಅವರನ್ನೂ ಒಂದ್ಸಲ ನೋಡೋಣ, ಆಮೇಲೆ ನನ್ನ ಹತ್ರ ಬಂದು ಏನಂದ್ರು ಹೇಳಿ" ಅನ್ನಿ.

ಅಭ್ಯಾಸ

ಮೂವರು ಸೇರಿ. ಒಬ್ಬರು ನಿಜವಾದ ಸಣ್ಣ ಬೇಜಾರೊಂದನ್ನು ಹೇಳಲಿ, ಒಬ್ಬರು ಕೇಳಲಿ, ಒಬ್ಬರು ಲೆಕ್ಕ ಇಡಲಿ. ಐದು ನಿಮಿಷ. ಕೇಳುವವರು ಪ್ರಶ್ನೆ ಕೇಳುವಂತಿಲ್ಲ, ಸಲಹೆ ಕೊಡುವಂತಿಲ್ಲ, ಅವರ ಮಾತನ್ನು ಹಿಂತಿರುಗಿಸಬಹುದು ಅಷ್ಟೇ. ಮೊದಲ ಸಲ ಎರಡನೇ ನಿಮಿಷಕ್ಕೇ "ನೀವು ಒಂದು ಕೆಲಸ ಮಾಡಿ" ಅಂತ ಬಾಯಿ ಜಾರುತ್ತದೆ. ನನ್ನ ಬ್ಯಾಚಿನಲ್ಲಿ ಯಾರಿಗೂ ಐದು ನಿಮಿಷ ಆಗಿರಲಿಲ್ಲ. ವಾರಕ್ಕೊಂದು ಸಲ ಹಿರಿಯರೊಬ್ಬರ ಹತ್ತಿರ, ಹೆಸರು ಹೇಳದೆ, ನಿಮ್ಮ ಕೇಸುಗಳ ಬಗ್ಗೆ ಮಾತಾಡಿ. ಕೆಲವು ಮಾತು ಮನೆಗೆ ಬಂದು ರಾತ್ರಿ ಊಟದ ತಟ್ಟೆಯ ಮುಂದೆಯೂ ಕೂರುತ್ತವೆ. ಅದನ್ನು ಹೇಳಿಕೊಳ್ಳಲು ನಿಮಗೂ ಒಂದು ಕುರ್ಚಿ ಬೇಕು.

ಚಪ್ಪಲಿ ಹಾಕಿಕೊಳ್ಳುವಾಗ

ಮುಕ್ಕಾಲು ಗಂಟೆ ಮಾತಾಡಿ, ಎದ್ದು, ಬಾಗಿಲ ಹತ್ತಿರ ಹೋಗಿ, ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ತಿರುಗಿ ನೋಡದೆ ಅನ್ನುತ್ತಾರೆ: "ಇನ್ನೊಂದ್ ವಿಷ್ಯ ಇತ್ತು ಮೇಡಂ. ಇರ್ಲಿ ಬಿಡಿ, ಇನ್ನೊಂದ್ಸಲ ಹೇಳ್ತೀನಿ." ಇದು ಎಷ್ಟು ಸಲ ಆಗುತ್ತದೆ ಅಂದರೆ, ನಾನು ಈಗ ಕೊನೆಯ ಹತ್ತು ನಿಮಿಷ ಇರುವಾಗಲೇ "ಇನ್ನೂ ಹತ್ತು ನಿಮಿಷ ಇದೆ, ಹೇಳ್ಬೇಕು ಅಂದ್ಕೊಂಡು ಹೇಳದೇ ಇರೋದು ಏನಾದ್ರೂ ಇದೆಯಾ?" ಅಂತ ಕೇಳುತ್ತೇನೆ. ಆದರೂ ಬಾಗಿಲಲ್ಲೇ ಬಂದರೆ, ಮುಂದಿನವರು ಕಾಯುತ್ತಿದ್ದಾರೆ ಅಂತ ಗಡಿಯಾರ ನೋಡಬೇಡಿ. ಎದ್ದು ಹತ್ತಿರ ಹೋಗಿ, "ಜೀವಕ್ಕೆ ಸಂಬಂಧಪಟ್ಟದ್ದಾ?" ಅಂತ ಮೆಲ್ಲಗೆ ಕೇಳಿ. ಹೌದು ಅಂದರೆ ಚಪ್ಪಲಿ ಬಿಡಿಸಿ ವಾಪಸ್ ಕೂರಿಸಿ, ಹೊರಗಿನ ಸಾಲು ಕಾಯುತ್ತದೆ. ಅಲ್ಲ ಅಂದರೆ ದಿನ, ಹೊತ್ತು ಅಲ್ಲೇ ನಿಗದಿ ಮಾಡಿ, ಮುಂದಿನ ಸಲ ಬಂದಾಗ ತಲೆನೋವು ಹೇಗಿದೆ ಅಂತ ಶುರುಮಾಡದೆ, "ಅವತ್ತು ಬಾಗಿಲಲ್ಲಿ ಏನೋ ಹೇಳೋಕೆ ಹೊರಟಿದ್ರಿ" ಅಂತ ಅಲ್ಲಿಂದಲೇ ಶುರುಮಾಡಿ.